ನೀರಿಗೆ ಅಂಜದ ಅಂಟು



ಮನೆಯ ಬಕೆಟ್ಟು ಬಿರುಕು ಬಿಟ್ಟರೆ ನೀರು ಹೊರಕ್ಕೆ ಹೋಗುತ್ತದೆ. ನೆಲ ಒದ್ದೆಯಾಗುತ್ತದೆ, ಅಷ್ಟೇ. ದೋಣಿ ಬಿರುಕು ಬಿಟ್ಟರೆ ನೀರು ಒಳಕ್ಕೆ ಬರುತ್ತದೆ. ಆಗ ಆಪತ್ತು ಬರುವುದು ಅದರಲ್ಲಿ ಕುಳಿತವರ ಜೀವಕ್ಕೆ.

ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗೆ, ದೋಣಿಯ ಹಲಗೆಯಲ್ಲಿ ಒಂದು ಚದರ ಸೆಂಟಿಮೀಟರಿನ ತೂತು ಬಿದ್ದಿದೆ ಎಂದಿಟ್ಟುಕೊಳ್ಳಿ. ಭೌತಶಾಸ್ತ್ರದ ಪಾಠದಲ್ಲಿ ಬರುವ ಟಾರಿಸೆಲ್ಲಿಯ ನಿಯಮದಂತೆ ನೀರು ಸೆಕೆಂಡಿಗೆ ಸುಮಾರು 2.4 ಮೀಟರ್ ವೇಗದಲ್ಲಿ ಒಳನುಗ್ಗುತ್ತದೆ. ತೂತಿನ ಬಾಯಿಯಲ್ಲಿ ಧಾರೆ ಕಿರಿದಾಗುವುದನ್ನು ಕಳೆದ ಮೇಲೂ ಗಂಟೆಗೆ ಸುಮಾರು 500 ಲೀಟರ್ ನೀರು ದೋಣಿಯಲ್ಲಿ ತುಂಬುತ್ತದೆ. ಕಿರುಬೆರಳ ತುದಿ ಹಿಡಿಸುವಷ್ಟು ತೂತಿನಿಂದ ಗಂಟೆಗೆ ಅರ್ಧ ಟನ್ನು ಭಾರ! ಪುರಂದರದಾಸರು ಮನುಷ್ಯನ ದೇಹವನ್ನು ಒಂಬತ್ತು ತೂತುಗಳ ಹರಿಗೋಲಿಗೆ ಹೋಲಿಸಿದಾಗ, ಕೇಳಿದವರಿಗೆ ಅದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಳೆ ದಾಟಿದವರಿಗೆಲ್ಲ ಅದು ಗೊತ್ತಿತ್ತು.

ಇಂಥ ತೂತನ್ನು, ಹಲಗೆಗಳ ನಡುವಿನ ಇಂಥ ಸಂದನ್ನು ಮುಚ್ಚಲು ಮನುಷ್ಯ ಏನೇನನ್ನು ಬಳಸಿದ? ಇಂದು ಅಂಗಡಿಗೆ ಹೋದರೆ ಎಪಾಕ್ಸಿ, ಸಿಲಿಕೋನ್, ಪಾಲಿಯುರೆಥೇನ್ ಎಂದು ಹತ್ತಾರು ಬಗೆಯ ಟ್ಯೂಬುಗಳು ಸಿಗುತ್ತವೆ. ಎಲ್ಲದರ ಮೇಲೂ 'ವಾಟರ್‌ಪ್ರೂಫ್' ಎಂದೇ ಬರೆದಿರುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಸ್ವಲ್ಪ ಇತಿಹಾಸದ ಕಡೆಗೆ ತಿರುಗುವುದು ಒಳ್ಳೆಯದು. ಏಕೆಂದರೆ ಏಳು ಸಾವಿರ ವರ್ಷಗಳಿಂದ ದೋಣಿ ಕಟ್ಟುವವರು ಎರಡೇ ಉಪಾಯಗಳನ್ನು ಬಗೆಬಗೆಯಾಗಿ ಪ್ರಯೋಗಿಸುತ್ತ ಬಂದಿದ್ದಾರೆ. ಒಂದು, ಎರಡು ಭಾಗಗಳನ್ನು ಅಲುಗದಂತೆ ಬಿಗಿದು ಒಂದಾಗಿಸುವುದು. ಇನ್ನೊಂದು, ಅಲುಗುವ ಭಾಗಗಳ ನಡುವೆ ಬಳುಕುವ ವಸ್ತುವನ್ನು ತುಂಬುವುದು. ಒಂದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಿದಾಗಲೆಲ್ಲ ದೋಣಿ ಸೋರಿದೆ.

ಜೊಂಡು ಮತ್ತು ನೆಲದ ಎಣ್ಣೆ

ಕುವೈತಿನ ಅಸ್ ಸಬಿಯಾ ಎಂಬ ಪ್ರದೇಶದಲ್ಲಿ ಪುರಾತತ್ವ ಶೋಧಕರಿಗೆ ಸುಮಾರು ಏಳು ಸಾವಿರ ವರ್ಷಗಳಷ್ಟು ಹಳೆಯ ಕಪ್ಪು ತುಣುಕುಗಳು ದೊರೆತವು. ಅವು ಬಿಟುಮೆನ್, ಎಂದರೆ ನೆಲದಿಂದ ತಾನಾಗಿ ಒಸರುವ ಡಾಂಬರಿನಂಥ ವಸ್ತು. ಒಂದು ಮೈಯಲ್ಲಿ ಜೊಂಡಿನ ಕಂತೆಗಳ ಮತ್ತು ಹಗ್ಗದ ಅಚ್ಚು. ಇನ್ನೊಂದು ಮೈಯಲ್ಲಿ ಕಡಲಿನಲ್ಲಿ ದೋಣಿಯ ತಳಕ್ಕೆ ಹತ್ತಿಕೊಳ್ಳುವ ಚಿಪ್ಪುಜೀವಿಗಳು. ಜೊಂಡಿನ ದೋಣಿಗೆ ಬಿಟುಮೆನ್ ಬಳಿದು ಕಡಲಿಗಿಳಿಸಿದ್ದರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಯೂಫ್ರೆಟಿಸ್ ನದಿಯ ದಡದ ಹಿತ್ ಪಟ್ಟಣದ ಬಿಟುಮೆನ್ ಬುಗ್ಗೆಗಳು ಪ್ರಾಚೀನ ಕಾಲದಿಂದಲೇ ಹೆಸರಾಗಿದ್ದವು. ಇರಾಕಿನಲ್ಲಿ 'ಕುಫ್ಫಾ' ಎಂದು ಕರೆಯುತ್ತಿದ್ದ ಬುಟ್ಟಿದೋಣಿಗಳಿಗೆ ಇಪ್ಪತ್ತನೆಯ ಶತಮಾನದಲ್ಲೂ ಇದನ್ನೇ ಬಳಿಯುತ್ತಿದ್ದರು.

ಬರೀ ಬಿಟುಮೆನ್ ಬಿಸಿಲಿಗೆ ಮೆತ್ತಗಾಗಿ ಇಳಿಯುತ್ತದೆ. ಆದ್ದರಿಂದ ಅದಕ್ಕೆ ಕತ್ತರಿಸಿದ ಸಸ್ಯನಾರು, ಖನಿಜದ ಪುಡಿ ಮುಂತಾದುವನ್ನು ಬೆರೆಸುತ್ತಿದ್ದರು. ಇಂದು ಎಪಾಕ್ಸಿಗೆ ಮರದ ಹೊಟ್ಟನ್ನೋ ನಾರಿನ ಪುಡಿಯನ್ನೋ ಬೆರೆಸಿ ಗಟ್ಟಿ ಮಾಡಿಕೊಳ್ಳುವವರು ಅದೇ ಉಪಾಯವನ್ನು ಅನುಸರಿಸುತ್ತಿದ್ದಾರೆ.

ಈಜಿಪ್ಟಿನವರು ಬೇರೊಂದು ದಾರಿ ಹಿಡಿದರು. 1954ರಲ್ಲಿ ಗೀಜಾದ ಮಹಾ ಪಿರಮಿಡ್ಡಿನ ಪಕ್ಕದ ಹೊಂಡದಲ್ಲಿ ಬಿಡಿಬಿಡಿಯಾಗಿ ಜೋಡಿಸಿಟ್ಟಿದ್ದ ಒಂದು ನಾವೆ ಸಿಕ್ಕಿತು. ದೊರೆ ಖುಫುವಿಗೆ ಸೇರಿದ, ಸುಮಾರು ನಾಲ್ಕೂವರೆ ಸಾವಿರ ವರ್ಷ ಹಳೆಯದಾದ, 43 ಮೀಟರಿಗೂ ಉದ್ದದ ದೇವದಾರು ನಾವೆ ಅದು. ಅದರ ಹಲಗೆಗಳನ್ನು ಹಗ್ಗದಿಂದ ಹೊಲಿದಿದ್ದರು. ಅಂಟಿನ ಬಲದ ಮೇಲೆ ಅದು ನಿಂತಿರಲಿಲ್ಲ. ನೀರಿಗಿಳಿದರೆ ಮರ ಉಬ್ಬುತ್ತದೆ, ಹಗ್ಗ ಕುಗ್ಗಿ ಬಿಗಿಯುತ್ತದೆ. ಎರಡೂ ಸೇರಿ ಸಂದು ಮುಚ್ಚಿಕೊಳ್ಳುತ್ತದೆ. ಮರವೇ ತನ್ನ ಬಿರುಕನ್ನು ಮುಚ್ಚಿಕೊಳ್ಳುವಂತೆ ಮಾಡುವ ಈ ಯುಕ್ತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೊಲಿದ ಹಡಗುಗಳ ಕಡಲು

ಅರಬ್ಬೀ ಸಮುದ್ರದ ಎರಡೂ ದಡಗಳಲ್ಲಿ ಶತಮಾನಗಳ ಕಾಲ ಹಡಗುಗಳನ್ನು ಹೊಲಿಯುತ್ತಿದ್ದರು. ಹಲಗೆಗಳ ಅಂಚಿನುದ್ದಕ್ಕೂ ತೂತು ಕೊರೆದು, ಒಳಬದಿಯಲ್ಲಿ ತೆಂಗಿನ ನಾರಿನ ಸಿಂಬಿಯನ್ನು ಒತ್ತಿಟ್ಟು, ನಾರಿನ ಹುರಿಯಿಂದ ಬಿಗಿಯಾಗಿ ಹೊಲಿಗೆ ಹಾಕಿ, ತೂತುಗಳಿಗೆ ನಾರನ್ನೂ ರಾಳವನ್ನೂ ತುಂಬುತ್ತಿದ್ದರು. ಮೇಲೆ ಮೀನೆಣ್ಣೆಯ ಲೇಪ. ರಾಳಕ್ಕೆ ಮಲಯ ಭಾಷೆಯಲ್ಲಿ 'ಡಾಮರ್' ಎನ್ನುತ್ತಾರೆ. ನಾವು ರಸ್ತೆಗೆ ಹಾಕುವ ಡಾಂಬರಿನ ಹೆಸರೂ ಈ ಬಳಗಕ್ಕೇ ಸೇರಿದ್ದು.

ಈ ಹಡಗುಗಳ ಬಗ್ಗೆ ಇಬ್ಬರು ಪ್ರವಾಸಿಗಳು ಹೇಳಿರುವ ಮಾತುಗಳನ್ನು ಹೋಲಿಸಿ ನೋಡಿ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಹೊರ್ಮುಜ್ ಬಂದರನ್ನು ಕಂಡ ವೆನಿಸ್‌ನ ಮಾರ್ಕೊ ಪೋಲೊ ಅಲ್ಲಿಯ ಹಡಗುಗಳನ್ನು ಹೀಗಳೆದ. ಅವಕ್ಕೆ ಕಬ್ಬಿಣದ ಮೊಳೆಯಿಲ್ಲ, ತನ್ನ ದೇಶದಂತೆ ಕೀಲು ಬಳಿದಿಲ್ಲ, ಬರೀ ಮೀನೆಣ್ಣೆ. ಇದರಲ್ಲಿ ಪಯಣಿಸುವುದು ಅಪಾಯ ಎಂಬುದು ಅವನ ಅಭಿಪ್ರಾಯ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ ಇಬ್ನ್ ಬತೂತ ಅದೇ ಬಗೆಯ ಹಡಗನ್ನು ಮೆಚ್ಚಿದ. ಈ ಕಡಲಿನಲ್ಲಿ ಬಂಡೆಗಳು ಹೆಚ್ಚು. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಳುಕುವುದರಿಂದ ಉಳಿಯುತ್ತದೆ ಎಂದು ಅವನು ಕಾರಣವನ್ನೂ ಕೊಟ್ಟ. ಇಬ್ಬರೂ ಕಂಡದ್ದು ಒಂದೇ ಗುಣವನ್ನು. ಒಬ್ಬನಿಗೆ ದೌರ್ಬಲ್ಯವೆಂದು ತೋರಿದ್ದು ಇನ್ನೊಬ್ಬನಿಗೆ ಶಕ್ತಿಯೆಂದು ತೋರಿತು.

ಈ ವಿದ್ಯೆ ಪೂರ್ತಿ ಅಳಿದಿಲ್ಲ. ಅಜಂತಾದ ಚಿತ್ರವೊಂದರಲ್ಲಿ ಕಾಣುವ ಹಡಗಿನ ಆಧಾರದ ಮೇಲೆ ಕಟ್ಟಿದ 'ಕೌಂಡಿನ್ಯ' ಎಂಬ ಹೊಲಿದ ನಾವೆಯನ್ನು ಭಾರತೀಯ ನೌಕಾಪಡೆ 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಸೇರಿಸಿಕೊಂಡಿತು. ತೆಂಗಿನ ನಾರು, ನಾರಿನ ಹಗ್ಗ, ಮರದ ರಾಳ - ಇವೇ ಅದರ ಸಂದುಗಳ ಕಾವಲುಗಾರರು.

ಒಳನಾಡಿನ ಹೊಳೆಗಳಲ್ಲಿ ಹಲಗೆಗಳ ಗೋಜೇ ಇರಲಿಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ತುಂಗಭದ್ರೆಯನ್ನು ದಾಟಿಸುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರು, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತಿದ್ದವು. ಇದೇ ನಮ್ಮ ಹರಿಗೋಲು. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಹರಿದ ಕಡೆ ಒಂದು ತೇಪೆ ಹಾಕಿ, ಕಾಯಿಸಿದ ಡಾಂಬರು ಬಳಿದರೆ ಮರುದಿನ ಮತ್ತೆ ಹೊಳೆಗೆ. ರಿಪೇರಿ ಸುಲಭವಾಗಿರುವುದೇ ಈ ದೋಣಿಯ ದೀರ್ಘಾಯುಷ್ಯದ ಗುಟ್ಟು.

ಬಿಗಿಯುವ ಅಂಟಿನ ಹುಡುಕಾಟ

ಯುರೋಪಿನ ಮೊಳೆ ಹೊಡೆದ ಹಡಗುಗಳಿಗೂ ಬಳುಕುವ ತುಂಬುಗೆ ಬೇಕೇ ಬೇಕಾಗಿತ್ತು. ಹಳೆಯ ಹಗ್ಗಗಳನ್ನು ಬಿಡಿಸಿ ತೆಗೆದ ನಾರನ್ನು ಉಳಿ ಸುತ್ತಿಗೆಗಳಿಂದ ಸಂದಿಗೆ ಬಡಿದು ತುಂಬಿ, ಮೇಲೆ ಕಾದ ಕೀಲು ಸುರಿಯುತ್ತಿದ್ದರು. ಹಗ್ಗ ಬಿಡಿಸುವ ಬೇಸರದ ಕೆಲಸವನ್ನು ಇಂಗ್ಲೆಂಡಿನಲ್ಲಿ ಕೈದಿಗಳಿಂದಲೂ ಅನಾಥಾಲಯಗಳಂಥ ದುಡಿಮೆಮನೆಗಳ ಬಡವರಿಂದಲೂ ಮಾಡಿಸುತ್ತಿದ್ದರು. ಸಾಮ್ರಾಜ್ಯದ ಹಡಗುಗಳು ತೇಲಿದ್ದರ ಹಿಂದೆ ಅವರ ಸವೆದ ಬೆರಳುಗಳೂ ಇದ್ದವು.

1842ರಲ್ಲಿ ಆಲ್ಫ್ರೆಡ್ ಜೆಫ್ರಿ ಎಂಬಾತ 'ಮೆರೈನ್ ಗ್ಲೂ' ಎಂಬ ವಸ್ತುವಿಗೆ ಪೇಟೆಂಟ್ ಪಡೆದ. ಕಲ್ಲಿದ್ದಲ ಡಾಂಬರಿನಿಂದ ಪಡೆದ ನ್ಯಾಫ್ತಾದಲ್ಲಿ ರಬ್ಬರನ್ನು ಕರಗಿಸಿ, ಅದಕ್ಕೆ ಅರಗನ್ನು ಸೇರಿಸಿದ ಮಿಶ್ರಣ ಅದು. ಆ ಕಾಲದಲ್ಲಿ ಲೋಕಕ್ಕೆಲ್ಲ ಅರಗು ಹೋಗುತ್ತಿದ್ದುದು ಬಹುಮಟ್ಟಿಗೆ ಭಾರತದಿಂದಲೇ. ಅರಗು ಹಿಡಿಯುತ್ತಿತ್ತು, ರಬ್ಬರು ಬಳುಕುತ್ತಿತ್ತು. ಎರಡೂ ಗುಣಗಳನ್ನು ಒಂದೇ ಡಬ್ಬಿಯಲ್ಲಿ ತುಂಬಲು ನಡೆದ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು.

ಮರಗೆಲಸದ ಅಂಟುಗಳ ಕತೆ ಬೇರೆ. ಚರ್ಮ, ಮೂಳೆಗಳನ್ನು ಕುದಿಸಿ ಮಾಡಿದ ಮರವಜ್ರ ಕುರ್ಚಿಗೆ ಸರಿ, ದೋಣಿಗೆ ಸಲ್ಲದು. ನೀರು ತಗುಲಿದರೆ ಅದು ಮೆತ್ತಗಾಗುತ್ತದೆ. ಹಾಲಿನಿಂದ ತೆಗೆದ ಕೇಸಿನ್ ಅಂಟು ತೇವವನ್ನು ಸ್ವಲ್ಪ ತಡೆಯುತ್ತಿತ್ತಾದರೂ ಬೂಷ್ಟು ಹಿಡಿಯುತ್ತಿತ್ತು. ಬದಲಾವಣೆ ತಂದದ್ದು ಇಪ್ಪತ್ತನೆಯ ಶತಮಾನದ ಸಂಶ್ಲೇಷಿತ ರಾಳಗಳು. 1937ರಲ್ಲಿ ಇಂಗ್ಲೆಂಡಿನ ನಾರ್ಮನ್ ಡಿ ಬ್ರೂಯ್ನ್ 'ಏರೋಲೈಟ್' ಎಂಬ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟನ್ನು ರೂಪಿಸಿದರು. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ, ಮರದಿಂದ ಕಟ್ಟಿದ ಮಸ್ಕಿಟೊ ವಿಮಾನಕ್ಕೆ ಮೊದಲು ಕೇಸಿನ್ ಬಳಸಿ ಆಮೇಲೆ ಈ ಅಂಟಿಗೆ ಬದಲಾಯಿಸಿದರು. ಅದೇ ಯುದ್ಧಕಾಲದಲ್ಲಿ ಬಂದ ರಿಸಾರ್ಸಿನಾಲ್ ಅಂಟು ಕುದಿಯುವ ನೀರಿಗೂ ಜಗ್ಗಲಿಲ್ಲ. ಆದರೆ ಅದಕ್ಕೆ ಎರಡು ಹಟ: ಮರದ ಎರಡು ಮುಖಗಳು ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಬೇಕು, ಗಟ್ಟಿಯಾಗುವ ತನಕ ಬಲವಾಗಿ ಒತ್ತಿ ಹಿಡಿದಿರಬೇಕು. ಪ್ಲೈವುಡ್ಡಿಗೂ ಇಂಥ ರಾಳಗಳೇ ಜೀವಾಳ. ನಮ್ಮ ದೇಶದ ಮೆರೈನ್ ಪ್ಲೈವುಡ್ಡಿನ ಮಾನಕವಾದ ಐಎಸ್ 710ರ ಪ್ರಕಾರ ಹಾಳೆಯ ತುಂಡನ್ನು 72 ಗಂಟೆ ಕುದಿಸಿ ಅಂಟನ್ನು ಪರೀಕ್ಷಿಸುತ್ತಾರೆ.

ಸಂದಿದ್ದರೂ ತುಂಬಿ ಹಿಡಿಯುವ ಅಂಟು ಬಂದದ್ದು ದಂತವೈದ್ಯದ ಕಡೆಯಿಂದ! ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ 1930ರ ದಶಕದಲ್ಲಿ ಕೃತಕ ದಂತಪಂಕ್ತಿಗೆ ತಕ್ಕ ವಸ್ತುವನ್ನು ಹುಡುಕುತ್ತ ಎಪಾಕ್ಸಿ ರಾಳವನ್ನು ಪಡೆದರು. ಅಮೆರಿಕದಲ್ಲಿ ಸಿಲ್ವನ್ ಗ್ರೀನ್‌ಲೀ ಬೇರೆಯಾಗಿಯೇ ಅದೇ ದಾರಿಯಲ್ಲಿ ನಡೆದಿದ್ದರು. ದಂತಕ್ಕೆ ಅಷ್ಟಾಗಿ ಒದಗದ ಈ ರಾಳ 1946ರಲ್ಲಿ 'ಆರಾಲ್ಡೈಟ್' ಎಂಬ ಹೆಸರಿನ ಅಂಟಾಗಿ ಹೊರಬಂತು. ರಾಳ ಮತ್ತು ಗಟ್ಟಿಕಾರಕಗಳ ಎರಡು ಟ್ಯೂಬುಗಳನ್ನು ನೀವು ಅಂಗಡಿಯಲ್ಲಿ ನೋಡಿಯೇ ಇರುತ್ತೀರಿ. ಇವೆರಡೂ ಕೂಡಿದಾಗ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಆವಿಯಾಗಿ ಹೋಗುವ ನೀರು, ದ್ರಾವಕಗಳು ಇಲ್ಲದ್ದರಿಂದ ಅಂಟು ಹೆಚ್ಚು ಕುಗ್ಗುವುದಿಲ್ಲ, ಹೀಗಾಗಿ ಸಂದನ್ನೂ ತುಂಬುತ್ತದೆ.

ಮತ್ತೆ ಬಂದ ಹೊಲಿಗೆ

ಹೊಸ ರಾಳಗಳು ಹಳೆಯ ಹೊಲಿಗೆಗೆ ಮರುಜನ್ಮ ಕೊಟ್ಟವು. ಇಂಗ್ಲೆಂಡಿನ ಶಾಲಾ ಶಿಕ್ಷಕ ಕೆನ್ ಲಿಟಲ್‌ಡೈಕ್ ಪ್ಲೈವುಡ್ ಹಾಳೆಗಳ ಅಂಚನ್ನು ಹೊಲಿದು, ಸಂದಿನ ಮೇಲೆ ಗಾಜುನಾರಿನ ಪಟ್ಟಿಯನ್ನು ರಾಳದಿಂದ ಅಂಟಿಸಿ ಪುಟ್ಟ ದೋಣಿಗಳನ್ನು ಕಟ್ಟುವ ಕ್ರಮವನ್ನು ಬೆಳೆಸಿದರು. ಟೆಲಿವಿಷನ್ನಿನಲ್ಲಿ ಮನೆಗೆಲಸದ ಬಡಗಿತನವನ್ನು ಕಲಿಸಿ ಮನೆಮಾತಾಗಿದ್ದ ಬ್ಯಾರಿ ಬಕ್ನೆಲ್, ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಜೊತೆಗೂಡಿ 1963ರಲ್ಲಿ ಇದೇ ಕ್ರಮದ 'ಮಿರರ್' ಹಾಯಿದೋಣಿಯನ್ನು ಜನರ ಮುಂದಿಟ್ಟರು. ತಾಮ್ರದ ತಂತಿಯಲ್ಲಿ ಹೊಲಿಯಿರಿ, ಪಟ್ಟಿ ಅಂಟಿಸಿ, ಬಣ್ಣ ಬಳಿಯಿರಿ ಎಂಬಷ್ಟು ಸರಳ. ಮುಂದೆ ಅಂಥ ಎಪ್ಪತ್ತು ಸಾವಿರಕ್ಕೂ ಹೆಚ್ಚು ದೋಣಿಗಳು ತಯಾರಾದವು. ಹಡಗುಕಟ್ಟೆಯ ಮುಖ ಕಾಣದ ಸಾಮಾನ್ಯರ ಕೈಗೆ ದೋಣಿ ಬಂದದ್ದು ಹೀಗೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ತೆಂಗಿನ ನಾರಿನ ಹೊಲಿಗೆ ಬಳುಕುವ ಹೊಲಿಗೆ. ಹಡಗು ಇರುವಷ್ಟು ಕಾಲವೂ ಅದೇ ಹಲಗೆಗಳನ್ನು ಹಿಡಿದಿರುತ್ತಿತ್ತು. ತಾಮ್ರದ ತಂತಿಯ ಹೊಲಿಗೆ ಅಂಟು ಗಟ್ಟಿಯಾಗುವ ತನಕ ಮಾತ್ರ; ಆಮೇಲೆ ದೋಣಿಯೆಲ್ಲ ಒಂದೇ ಚಿಪ್ಪು.

ಬಳುಕುವ ತುಂಬುಗೆಗಳೂ ಸುಮ್ಮನೆ ಉಳಿಯಲಿಲ್ಲ. 1920ರ ದಶಕದಲ್ಲಿ ಅಮೆರಿಕದ ಜೋಸೆಫ್ ಪ್ಯಾಟ್ರಿಕ್ ವಾಹನದ ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು ಹುಡುಕುತ್ತಿದ್ದಾಗ ದುರ್ವಾಸನೆಯ ರಬ್ಬರಿನಂಥ ಅಂಟೊಂದು ತಯಾರಾಯಿತು. ಅದೇ 'ಥಯೋಕಾಲ್' ಎಂಬ ಪಾಲಿಸಲ್ಫೈಡ್ ರಬ್ಬರು. ಪೆಟ್ರೋಲಿಗೂ ಉಪ್ಪುನೀರಿಗೂ ಜಗ್ಗದ ಈ ಜಾತಿಯ ವಸ್ತು ವಿಮಾನಗಳ ಇಂಧನದ ತೊಟ್ಟಿಗೂ ದೋಣಿಯ ಸಂದಿಗೂ ಸೇರಿತು. ಜರ್ಮನಿಯಲ್ಲಿ 1937ರಲ್ಲಿ ಆಟೊ ಬೇಯರ್ ತಂಡದವರು ಪಾಲಿಯುರೆಥೇನನ್ನು ಕಂಡುಹಿಡಿದರು. 1940ರ ದಶಕದಲ್ಲಿ ಸಿಲಿಕೋನುಗಳು ಮಾರುಕಟ್ಟೆಗೆ ಬಂದವು.

ಹಾಗಾದರೆ ಯಾವುದನ್ನು ಆರಿಸಬೇಕು?

ಈಗ ಅಂಗಡಿಯ ಮುಂದೆ ನಿಂತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಸಂದು ಅಲುಗುತ್ತದೆಯೇ? ದೋಣಿ ಯಾವ ವಸ್ತುವಿನದು? ಈ ಜಾಗವನ್ನು ಮುಂದೆ ಮತ್ತೆ ಬಿಚ್ಚಬೇಕಾಗುತ್ತದೆಯೇ?

ಹಲಗೆಗಳನ್ನು ಜೋಡಿಸಿದ ಹಳೆಯ ಮರದ ದೋಣಿಯಾದರೆ ಮೊದಲು ತಾಳ್ಮೆ ಬೇಕು. ಬೇಸಿಗೆಯಲ್ಲಿ ದಡದ ಮೇಲೆ ಒಣಗಿದ ದೋಣಿ ನೀರಿಗಿಳಿದ ಕೂಡಲೇ ಸೋರುವುದು ಸಹಜ. ಖುಫುವಿನ ನಾವೆಯ ಯುಕ್ತಿ ಇಲ್ಲಿ ನೆರವಿಗೆ ಬರುತ್ತದೆ. ದಡದಲ್ಲೇ ಕಟ್ಟಿ ನೀರು ಕುಡಿಯಲು ಬಿಟ್ಟರೆ ಮರ ಉಬ್ಬಿ ಎಷ್ಟೋ ಸಂದುಗಳು ಮುಚ್ಚಿಕೊಳ್ಳುತ್ತವೆ. ಉಳಿದವಕ್ಕೆ ನಾರು ಅಥವಾ ಹತ್ತಿ ತುಂಬಿ ಪಾಲಿಸಲ್ಫೈಡಿನಂಥ ಬಳುಕುವ ಸೀಲೆಂಟ್ ಹಾಕಬೇಕು. ಒಣಗಿದ ಸಂದಿಗೆ ಗಟ್ಟಿ ಎಪಾಕ್ಸಿ ತುಂಬಿದರೆ, ಮರ ಉಬ್ಬುವಾಗ ಜಾಗವಿಲ್ಲದೆ ಹಲಗೆಯೇ ಸೀಳಬಹುದು, ಒಳಗಿನ ಪಕ್ಕೆಮರದಿಂದ ಕಿತ್ತುಕೊಳ್ಳಲೂಬಹುದು. 'ಎಲ್ಲಕ್ಕಿಂತ ಬಲವಾದ ಅಂಟು' ಇಲ್ಲಿ ಕೆಡುಕನ್ನೇ ಮಾಡುತ್ತದೆ.

ಪ್ಲೈವುಡ್ ದೋಣಿಯ ಸಂಗತಿ ತದ್ವಿರುದ್ಧ. ಪ್ಲೈವುಡ್ಡು ಅಷ್ಟಾಗಿ ಉಬ್ಬದು. ಬಿರುಕನ್ನು ಒಣಗಿಸಿ, ಉಜ್ಜಿ, ಗಾಜುನಾರಿನ ಬಟ್ಟೆಯ ಜೊತೆ ಎಪಾಕ್ಸಿ ಹಾಕಿದರೆ ಅದು ಮತ್ತೆ ಒಂದೇ ಮೈಯಾಗುತ್ತದೆ. ಎಪಾಕ್ಸಿಗೆ ಬಿಸಿಲು ಶತ್ರು. ಮೇಲೆ ಬಣ್ಣ ಬಳಿಯದೆ ಬಿಡಬಾರದು.

ಈಗ ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವ ಫೈಬರ್‌ಗ್ಲಾಸ್ ದೋಣಿಗಳನ್ನು ಸಾಮಾನ್ಯವಾಗಿ ಪಾಲಿಯೆಸ್ಟರ್ ರಾಳದಿಂದ ಮಾಡಿರುತ್ತಾರೆ. ಒಡೆದ ಕಡೆ ಮೇಲೆ ಮಾತ್ರ ಮೆತ್ತಿದರೆ ತೇಪೆ ಎದ್ದು ಬರುತ್ತದೆ. ಬಿರುಕಿನ ಸುತ್ತ, ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಕೂರಿಸಬೇಕು. ಗಟ್ಟಿಯಾದ ಹಳೆಯ ಪಾಲಿಯೆಸ್ಟರಿನ ಮೇಲೆ ಹೊಸ ಪಾಲಿಯೆಸ್ಟರಿಗಿಂತ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ.

ಬೋಲ್ಟು, ಕೊಂಡಿ, ಕೊಳವೆಗಳ ಸುತ್ತ ನೀರು ಜಿನುಗುತ್ತಿದ್ದರೆ ಮತ್ತೆ ಬಳುಕುವ ವಸ್ತುವೇ ಬೇಕು. ಮುಂದೆ ಬಿಚ್ಚಬೇಕಾದ ಜಾಗಕ್ಕೆ ಪಾಲಿಸಲ್ಫೈಡ್. ಎಂದೂ ಬಿಚ್ಚದ ಜಾಗಕ್ಕೆ ಬಲವಾಗಿ ಹಿಡಿಯುವ ಪಾಲಿಯುರೆಥೇನ್. ಪಾಲಿಸಲ್ಫೈಡು ಅಕ್ರಿಲಿಕ್‌ನಂಥ ಕೆಲವು ಪ್ಲಾಸ್ಟಿಕ್ಕುಗಳನ್ನು ಕೆಡಿಸುವುದರಿಂದ ಕಿಟಕಿಯ ಪ್ಲಾಸ್ಟಿಕ್ ಗಾಜಿಗೆ ಸಿಲಿಕೋನ್ ಲೇಸು. ಸಿಲಿಕೋನಿನ ಮೇಲೆ ಬಣ್ಣ ನಿಲ್ಲದು, ಒಮ್ಮೆ ಬಳಿದ ಜಾಗದಲ್ಲಿ ಆಮೇಲೆ ಬೇರೆ ಅಂಟೂ ಸರಿಯಾಗಿ ಹಿಡಿಯದು. ಆದ್ದರಿಂದ ದೋಣಿಯ ತಳದ ರಿಪೇರಿಗೆ ಅದನ್ನು ತರಬೇಡಿ. ಪಾಲಿಥಿನ್ ದೋಣಿಗೆ ಸಾಮಾನ್ಯ ಅಂಟುಗಳು ಹಿಡಿಯುವುದೇ ಇಲ್ಲ. ಅದನ್ನು ಅದೇ ಪ್ಲಾಸ್ಟಿಕ್ಕಿನಿಂದ ಕಾಯಿಸಿ ಬೆಸೆಯಬೇಕು.

ಯಾವುದನ್ನೇ ಬಳಸಿದರೂ ಮೈ ಶುಚಿಯಾಗಿರಬೇಕು. ಎಣ್ಣೆಯ ಪಸೆಯಿದ್ದರೆ ಎಂಥ ಅಂಟೂ ವ್ಯರ್ಥ. ಎಪಾಕ್ಸಿಯ ಎರಡು ಭಾಗಗಳ ಅಳತೆ ತಪ್ಪಬಾರದು. ಬೇಗ ಗಟ್ಟಿಯಾಗಲೆಂದು ಗಟ್ಟಿಕಾರಕ ಹೆಚ್ಚು ಹಾಕಿದರೆ ಅದು ಮೆತ್ತಗೇ ಉಳಿಯುತ್ತದೆ. ಬಟ್ಟಲಿನಲ್ಲಿ ಒಮ್ಮೆಲೇ ಬಹಳ ಕಲಸಿಟ್ಟರೆ ತನ್ನ ಕಾವಿನಿಂದಲೇ ಹೊಗೆಯಾಡುತ್ತದೆ. ಕೈಗವಸು ಹಾಕಿ, ಗಾಳಿಯಾಡುವ ಕಡೆ ಕೆಲಸ ಮಾಡಬೇಕು.

ಮಿತ್ರರೇ, ಒಂದು ಪ್ರಯೋಗವನ್ನು ನೀವೇ ಮಾಡಿ. ಒಂದೇ ಅಳತೆಯ ಮರದ ಪಟ್ಟಿಗಳ ಮೂರು ಜೋಡಿ ತೆಗೆದುಕೊಳ್ಳಿ. ಮೊದಲನೆಯ ಜೋಡಿಗೆ ಸಾಮಾನ್ಯ ಬಿಳಿ ಮರದಂಟು, ಎರಡನೆಯದಕ್ಕೆ ಎಪಾಕ್ಸಿ, ಮೂರನೆಯದಕ್ಕೆ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ. ಒಂದು ವಾರ ಒಣಗಿಸಿ, ಒಂದು ವಾರ ಉಪ್ಪುನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಪ್ರತಿಯೊಂದನ್ನೂ ಕೈಯಿಂದ ಎಳೆದು, ಬಗ್ಗಿಸಿ ನೋಡಿ: ಯಾವುದು ಬಿಟ್ಟಿತು, ಯಾವುದು ಹಿಡಿಯಿತು, ಯಾವುದು ಬಳುಕಿಯೂ ಹಿಡಿಯಿತು? ಕಂಡದ್ದನ್ನು ಬರೆದಿಡಿ. ನಿಮ್ಮ ಊರಿನಲ್ಲಿ ಹೊಳೆಯೋ ಕಡಲೋ ಇದ್ದರೆ, ಅದನ್ನು ಅಲ್ಲಿಯ ದೋಣಿ ರಿಪೇರಿಯವರಿಗೆ ತೋರಿಸಿ, ಅವರು ಏನು ಬಳಸುತ್ತಾರೆ, ಏಕೆ ಬಳಸುತ್ತಾರೆ ಎಂದು ಕೇಳಿ. ಪುಸ್ತಕದಲ್ಲಿ ಸಿಗದ ಉತ್ತರಗಳು ಅವರ ಹತ್ತಿರ ಸಿಗುತ್ತವೆ.